ಡೇಟಾಬೇಸ್ ನಿಧಾನ ಅಂದಾಗ ಯಾವ ಕ್ಯೂ ನೋಡಬೇಕು? ನನ್ನ ಅನುಭವ

ಡೇಟಾಬೇಸ್ ನಿಧಾನ ಅಂದರೆ ಎಲ್ಲರೂ ಮೊದಲು ಬೈಯುವುದು ಸ್ಟೋರೇಜನ್ನೇ. ವೈಟ್‌ಫೀಲ್ಡ್‌ನ ಒಂದು ಕಂಪನಿಗೆ ನಾನು ನೋಡಿಕೊಳ್ಳುತ್ತಿದ್ದ ಪೋಸ್ಟ್‌ಗ್ರೆಸ್ ಸರ್ವರ್ ವಿಎಂವೇರ್ ಮೇಲೆ, ಅಂದರೆ ಒಂದು ನಿಜವಾದ ಯಂತ್ರದಲ್ಲಿ (ಹೋಸ್ಟ್) ಹಲವು ವರ್ಚುವಲ್ ಯಂತ್ರಗಳನ್ನು (ವಿಎಂ ಅಥವಾ ಗೆಸ್ಟ್) ಓಡಿಸುವ ಸಾಫ್ಟ್‌ವೇರ್ ಮೇಲೆ ಓಡುತ್ತಿತ್ತು. ತಿಂಗಳ ಕೊನೆಯ ಬಿಲ್ಲಿಂಗ್ ಶುರುವಾದರೆ ಸಾಕು, ಒಂದೊಂದು ಕಮಿಟ್ಟೂ (ಬದಲಾವಣೆಯನ್ನು ಖಾಯಂ ಮಾಡುವ ಹೆಜ್ಜೆ) ಒದ್ದಾಡುತ್ತಿತ್ತು. ಸ್ಟೋರೇಜ್ ಟೀಮಿನವರು "ಸರ್, ನಮ್ಮ ಕಡೆ ಎಲ್ಲಾ ಸರಿ ಇದೆ, ನೀವೇ ನೋಡ್ಕೊಳಿ" ಅಂತ ಗ್ರಾಫ್ ಕಳಿಸಿದರು. ಅವರು ಹೇಳಿದ್ದು ನಿಜವೇ ಆಗಿತ್ತು.

ಗೆಸ್ಟ್‌ನ ಲಿನಕ್ಸ್ ಒಳಗೆ ಡಿಸ್ಕ್ ವೇಗ ತೋರಿಸುವ ಐಒಸ್ಟ್ಯಾಟ್ ಹಾಕಿದರೆ ಬರೆಯುವ ಕಾಯುವಿಕೆ 20 ಮಿಲಿಸೆಕೆಂಡ್ ಆಸುಪಾಸು. ಅದೇ ಹೊತ್ತಿಗೆ ಹೋಸ್ಟ್‌ನಲ್ಲಿ ವಿಎಂವೇರ್‌ನ ಅಳತೆ ಸಾಧನ ಇಎಸ್‌ಎಕ್ಸ್‌ಟಾಪ್ ತೆರೆದು 'ಯು' ಒತ್ತಿ ನೋಡಿದರೆ ಡಿಎವಿಜಿ 1 ಮಿಲಿಸೆಕೆಂಡ್ ಹತ್ತಿರ, ಕೆಎವಿಜಿ ಹೆಚ್ಚುಕಡಿಮೆ ಸೊನ್ನೆ. ಡಿಎವಿಜಿ ಅಂದರೆ ಅರೇ (ಸ್ಟೋರೇಜ್ ಪೆಟ್ಟಿಗೆ) ಮತ್ತು ಅಲ್ಲಿಯವರೆಗಿನ ದಾರಿ ತೆಗೆದುಕೊಂಡ ಸಮಯ, ಕೆಎವಿಜಿ ಹೈಪರ್‌ವೈಸರ್ (ವಿಎಂವೇರ್‌ನ ಇಎಸ್‌ಎಕ್ಸ್) ಒಳಗೆ ಕಳೆದದ್ದು, ಎರಡೂ ಸೇರಿದರೆ ಜಿಎವಿಜಿ. ಹಾಗಾದರೆ ಉಳಿದ ಸಮಯ ಎಲ್ಲಿ ಹೋಯಿತು? ಗೆಸ್ಟ್ ಒಳಗೇ. ದರ್ಶಿನಿಯಲ್ಲಿ ದೋಸೆ ಬೇಗ ಬರುತ್ತೆ, ಆದರೆ ಟೋಕನ್ ತಗೊಳ್ಳೋಕೇ ಸಾಲು ಬಾಗಿಲ ತನಕ ಇರುತ್ತಲ್ವಾ, ಅದೇ ಕಥೆ. ಅಡುಗೆಮನೆಯವರನ್ನು ಎಷ್ಟು ಕೇಳಿದರೂ ಆ ಸಾಲು ಅವರ ಲೆಕ್ಕಕ್ಕೆ ಬರಲ್ಲ.

ಎಲ್ಲಾ ಡಿಸ್ಕ್‌ಗಳೂ ಒಂದೇ ಎಲ್‌ಎಸ್‌ಐ ಲಾಜಿಕ್ ಕಂಟ್ರೋಲರ್ (ವಿಎಂಗೆ ಡಿಸ್ಕ್ ಜೋಡಿಸುವ ವರ್ಚುವಲ್ ಅಡಾಪ್ಟರ್) ಮೇಲಿದ್ದವು. ಅದಕ್ಕೆ ಡಿಸ್ಕ್‌ಗೆ 32, ಅಡಾಪ್ಟರ್‌ಗೆ 128 ಅಷ್ಟೇ ಕ್ಯೂ ಆಳ, ಅಂದರೆ ಒಮ್ಮೆಗೆ ಕಳಿಸಬಹುದಾದ ಕೋರಿಕೆಗಳ ಸಂಖ್ಯೆ. ಚೆಕ್‌ಪಾಯಿಂಟ್ (ಮೆಮೊರಿಯಲ್ಲಿದ್ದ ಬದಲಾವಣೆಗಳನ್ನು ಡಿಸ್ಕ್‌ಗೆ ಇಳಿಸುವುದು) ಶುರುವಾದಾಗ ಡೇಟಾ ಫೈಲ್‌ಗಳ ಬರಹ ಆ ಕ್ಯೂ ತುಂಬಿಬಿಡುತ್ತೆ, ಕಮಿಟ್‌ಗೆ ಬೇಕಾದ ವಾಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ಲಾಗ್) ಬರಹ ಅದರ ಹಿಂದೆ ನಿಂತು ಕಾಯುತ್ತೆ. ನಾನು ವಾಲ್‌ಗೆ ಬೇರೆ ಡಿಸ್ಕ್, ಬೇರೆ ಪಿವಿಸ್ಕಸಿ (ವಿಎಂವೇರ್‌ನ ವೇಗದ ವರ್ಚುವಲ್ ಅಡಾಪ್ಟರ್) ಕಂಟ್ರೋಲರ್ ಕೊಟ್ಟೆ, ಡೇಟಾಗೆ ಇನ್ನೊಂದು. ಒಂದು ವಿಎಂಗೆ ಇಂಥವು 4 ಹಾಕಬಹುದು, ಸುಮ್ನೆ ಒಂದರಲ್ಲೇ ಎಲ್ಲವನ್ನೂ ತುರುಕುವುದು ಯಾಕೆ? ಪಿವಿಸ್ಕಸಿಯಲ್ಲೂ ಮೊದಲಿಗೆ ಡಿಸ್ಕ್‌ಗೆ 64 ಇರುತ್ತೆ. ಲಿನಕ್ಸ್ ಬೂಟ್ ಮಾಡುವ ಗ್ರಬ್‌ನ ಕರ್ನಲ್ ಸಾಲಿನಲ್ಲಿ ಡಿಸ್ಕ್ ಕ್ಯೂ 254, ರಿಂಗ್ ಪೇಜ್ 32 ಅಂತ ಹಾಕಿ ರೀಬೂಟ್ ಮಾಡಿದರೆ ಅಡಾಪ್ಟರ್‌ಗೆ 1024 ಸಿಗುತ್ತೆ.

ಇಲ್ಲಿಗೇ ನಿಲ್ಲಿಸಿದರೆ ಕೆಲಸ ಅರ್ಧ. ಒಂದೇ ಲನ್ (ಅರೇಯಿಂದ ಹಂಚಿಕೊಟ್ಟ ಸ್ಟೋರೇಜ್ ತುಂಡು) ಮೇಲೆ ಬೇರೆ ವಿಎಂಗಳೂ ಇದ್ದರೆ ಇಎಸ್‌ಎಕ್ಸ್ ಒಬ್ಬೊಬ್ಬರಿಗೆ 32 ಅಂತ ಕಟ್ಟು ಹಾಕುತ್ತೆ, ಆಗ ಗೆಸ್ಟ್‌ನಲ್ಲಿದ್ದ ಕಾಯುವಿಕೆ ಹೋಗಿ ಕೆಎವಿಜಿಯಲ್ಲಿ ಕೂರುತ್ತೆ. ಆ ಮಿತಿ ಏರಿಸಬಹುದಿತ್ತು. ಆದರೆ ಅಕ್ಕಪಕ್ಕದ ವಿಎಂಗಳವರು ಬಂದು ಜಗಳಕ್ಕೆ ನಿಲ್ಲುತ್ತಾರೆ, ಅದಕ್ಕೆ ಡೇಟಾಬೇಸ್‌ಗೇ ಅಂತ ಪ್ರತ್ಯೇಕ ಲನ್ ಕೇಳಿ ತಗೊಂಡೆ. ಇನ್ನು ಅರೇ ನಿಜಕ್ಕೂ ನಿಧಾನ ಇದ್ದು ಡಿಎವಿಜಿಯೇ ಜಾಸ್ತಿ ಇದ್ದರೆ ಕ್ಯೂ ಏರಿಸಬೇಡಿ, ಇನ್ನೂ ಹದಗೆಡುತ್ತೆ.

ಮಧ್ಯದಲ್ಲಿ ಒಬ್ಬರು "ಎಫ್‌ಸಿಂಕ್ ಆಫ್ ಮಾಡಿಬಿಡಿ, ಓಡುತ್ತೆ" ಅಂದರು. ಎಫ್‌ಸಿಂಕ್ ಅಂದರೆ ಬರೆದದ್ದು ಡಿಸ್ಕ್ ಸೇರಿದೆ ಅಂತ ಖಚಿತ ಮಾಡಿಕೊಳ್ಳುವ ಹೆಜ್ಜೆ. ಆಫ್ ಮಾಡಿದರೆ ಓಡುತ್ತೆ, ಹೌದು. ಸರ್ವರ್ ಒಮ್ಮೆ ಧೊಪ್ಪೆಂದು ಬಿದ್ದರೆ ಡೇಟಾಬೇಸೇ ಕೆಟ್ಟು ಕೂರಬಹುದು. ಬಿಲ್ಲಿಂಗ್ ದತ್ತಾಂಶ ಇಟ್ಟುಕೊಂಡು ಅಂಥ ಆಟ ನನಗೆ ಬೇಡ.

ಈಗ ಬಿಲ್ಲಿಂಗ್ ರಾತ್ರಿಯಲ್ಲೂ ಕಾಯುವಿಕೆ 2-3 ಮಿಲಿಸೆಕೆಂಡ್ ಒಳಗೇ ಇರುತ್ತದೆ. ಬೂಟ್ ಡಿಸ್ಕ್ ಮಾತ್ರ ಎಲ್‌ಎಸ್‌ಐ ಮೇಲೇ ಬಿಟ್ಟಿದ್ದೇನೆ. ಬೂಟ್ ಇಮೇಜ್‌ನಲ್ಲಿ ಪಿವಿಸ್ಕಸಿ ಡ್ರೈವರ್ ಇಲ್ಲದಿದ್ದರೆ ಯಂತ್ರ ಏಳುವುದೇ ಇಲ್ಲ, ಆ ಡಿಸ್ಕ್‌ಗೆ ಓಎಸ್ ಲಾಗ್ ಬಿಟ್ಟರೆ ಬರೆಯೋದೂ ಏನಿಲ್ಲ.