ಪದಕದ ಅಂಚಿನಲ್ಲಿದ್ದ ನಂಬರು

ಮೊದಲ ಸಲ ಹೋದದ್ದು ಒಂದು ಆಗಸ್ಟ್ 15ರಂದು. ಮೈಸೂರಿನ ಹೊರವಲಯದ ಒಂದು ವೃದ್ಧಾಶ್ರಮ. ಅಲ್ಲಿದ್ದ ನಲವತ್ತು ಚಿಲ್ಲರೆ ಮಂದಿಯಲ್ಲಿ ಹನ್ನೊಂದು ಜನ ಮಾಜಿ ಸೈನಿಕರು. ಬಡಾವಣೆಯ ಸಂಘದ ಪರವಾಗಿ ಶಾಲು, ಹಣ್ಣಿನ ಬುಟ್ಟಿ, ಮೈಕು ಎಲ್ಲ ಹೊತ್ತುಕೊಂಡು ಹೋಗಿದ್ದೆವು. ಶಾಲು ಹೊದಿಸಿದೆವು, ಫೋಟೋ ತೆಗೆಸಿಕೊಂಡೆವು, ಉಪ್ಪಿಟ್ಟು ಕೇಸರಿಬಾತು ತಿಂದು ಹೊರಟೆವು. ಗೇಟಿನ ಹತ್ತಿರ ಒಬ್ಬ ಹವಾಲ್ದಾರರು ಊರುಗೋಲು ಊರಿಕೊಂಡು ಬಂದರು. ಶಾಲು ಆಗಲೇ ನಾಲ್ಕು ಮಡಿಕೆಯಾಗಿ ಕಂಕುಳು ಸೇರಿತ್ತು. "ನೀವು ಬ್ಯಾಂಕಿನಲ್ಲಿದ್ದವರಂತೆ. ಐದು ತಿಂಗಳಿಂದ ನನ್ನ ಪಿಂಚಣಿ ಬಂದಿಲ್ಲ ತಾಯಿ. ಯಾರನ್ನು ಕೇಳಬೇಕು?"

ಅವರ ಕಪಾಟಿನಲ್ಲಿ ಅಂಥವೇ ಆರು ಶಾಲುಗಳಿದ್ದವು ಎಂಬುದು ಆಮೇಲೆ ತಿಳಿಯಿತು.

ನಾನು ಬ್ಯಾಂಕಿನ ಪಿಂಚಣಿ ವಿಭಾಗದಲ್ಲಿ ಬಹಳ ವರ್ಷ ಕೂತವಳು. ಹಿಂದೆ ಸೈನಿಕರ ಪಿಂಚಣಿ ನಮ್ಮ ಕೈಯಿಂದಲೇ ಹೋಗುತ್ತಿತ್ತು. ಈಗ ಅದು 'ಸ್ಪರ್ಶ್' ವ್ಯವಸ್ಥೆಯ ಮೂಲಕ ಪ್ರಯಾಗರಾಜ್‌ನ ರಕ್ಷಣಾ ಲೆಕ್ಕಪತ್ರ ಕಚೇರಿಯಿಂದ ನೇರವಾಗಿ ಖಾತೆಗೆ ಬರುತ್ತದೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡದಿದ್ದರೆ ನಿಲ್ಲುತ್ತದೆ. ಹವಾಲ್ದಾರರದ್ದು ನಿಂತದ್ದೂ ಇಷ್ಟಕ್ಕೇ. ಹಿಂದಿನ ನವೆಂಬರಿನಲ್ಲಿ ಯಾರೋ ಬೆರಳಚ್ಚಿನ ಯಂತ್ರ ತಂದಿದ್ದರಂತೆ. ಇವರ ಹತ್ತು ಬೆರಳಲ್ಲಿ ಒಂದೂ ಅದಕ್ಕೆ ಹಿಡಿಸಲಿಲ್ಲ. "ಆಮೇಲೆ ಬರುತ್ತೇವೆ" ಎಂದು ಹೋದವರು ಬರಲಿಲ್ಲ.

ಹೀಗಾಗಿ ನನ್ನ ಗುರುವಾರಗಳು ಶುರುವಾದವು. ಒಂದು ಉದ್ದದ ನೋಟ್‌ಬುಕ್ ಕೊಂಡು, ಒಬ್ಬೊಬ್ಬರಿಗೆ ಎರಡು ಪುಟದಂತೆ ಬಿಟ್ಟು, ಸೈನ್ಯದ ನಂಬರು, ಪಿಪಿಒ ಅಂದರೆ ಪಿಂಚಣಿ ಪಾವತಿ ಆದೇಶದ ನಂಬರು, ಆಧಾರ್‌ನಲ್ಲಿರುವ ಹೆಸರು, ಸೈನ್ಯದ ದಾಖಲೆಯಲ್ಲಿರುವ ಹೆಸರು, ಎರಡರಲ್ಲಿಯೂ ಇರುವ ಜನ್ಮ ದಿನಾಂಕ ಬರೆದುಕೊಂಡೆ. ಈ ಕೊನೆಯದು ಸಣ್ಣ ವಿಷಯವಲ್ಲ. 80 ತುಂಬಿದವರಿಗೆ ಮೂಲ ಪಿಂಚಣಿಯ ಮೇಲೆ ಶೇ. 20 ಹೆಚ್ಚು, 85ಕ್ಕೆ ಶೇ. 30, 90ಕ್ಕೆ ಶೇ. 40. ಭರ್ತಿಯಾಗುವಾಗ ಹುಟ್ಟಿದ ದಿನ ಗೊತ್ತಿಲ್ಲದ ಹಳ್ಳಿ ಹುಡುಗರಿಗೆ ಅಂದಾಜಿನ ಮೇಲೆ ಒಂದು ತಾರೀಖು ಬರೆದಿರುತ್ತಾರೆ, ಆಧಾರ್ ಮಾಡಿಸುವಾಗ ಇನ್ನೊಂದು. ಹನ್ನೊಂದು ಜನರಲ್ಲಿ ನಾಲ್ವರಿಗೆ ಎರಡೆರಡು ಹುಟ್ಟುಹಬ್ಬಗಳಿದ್ದವು.

ಜೀವಂತ ಪ್ರಮಾಣಪತ್ರಕ್ಕೆ ಈಗ ಮೊಬೈಲಿನಲ್ಲೇ ಮುಖ ಗುರುತಿಸುವ ಸೌಲಭ್ಯವಿದೆ. 2021ರ ನವೆಂಬರಿನಲ್ಲಿ ಬಂತು. ಸವೆದ ಬೆರಳಿನವರಿಗೆ ಅದು ದೊಡ್ಡ ಉಪಕಾರ. ಆದರೆ ಅದರಲ್ಲಿ ಕಣ್ಣು ಮಿಟುಕಿಸಬೇಕು. ಮಿಟುಕಿಸಿ ಎಂದರೆ ಇವರು ನೆಟ್ಟಗೆ ನೋಡುತ್ತಾರೆ. ಅರ್ಧ ಜನಕ್ಕೆ ನಾನು ಹೇಳಿದ್ದೇ ಕೇಳಿಸುವುದಿಲ್ಲ. ಫಿರಂಗಿ ದಳದಲ್ಲಿದ್ದವರ ಕಿವಿಯಂತೂ ಕೇಳುವುದೇ ಬೇಡ. ಕೊನೆಗೆ ನಾನು ಕಂಡುಕೊಂಡ ಕ್ರಮ ಇದು: ಬೆಳಿಗ್ಗೆ ಹತ್ತರೊಳಗೆ, ಕಿಟಕಿಗೆ ಮುಖ ಮಾಡಿ ಕೂರಿಸುವುದು, ಕನ್ನಡಕ ತೆಗೆಸುವುದು, ಹಿಂದೆ ಬಿಳಿ ಗೋಡೆ ಇರುವಂತೆ ನೋಡಿಕೊಳ್ಳುವುದು, ಮೊಬೈಲನ್ನು ನಾನು ಹಿಡಿಯುವುದು, ನನ್ನ ಪಕ್ಕದಲ್ಲಿ ಇನ್ನೊಬ್ಬರು ನಿಂತು ತಾವೇ ಕಣ್ಣು ಮುಚ್ಚಿ ತೆರೆದು ತೋರಿಸುವುದು. ಈ ಕೆಲಸಕ್ಕೆ ಆಶ್ರಮದಲ್ಲೇ ಇದ್ದ ಕೊಡಗಿನ ಸುಬೇದಾರ್ ಸಾಹೇಬರನ್ನು ನೇಮಿಸಿದೆ. ಅವರು ಅದನ್ನು ಪರೇಡ್ ಮಾಡಿಬಿಟ್ಟರು. ಹೆಸರು ಕೂಗಿ, ಸಾಲು ಹಿಡಿಸಿ, ಕ್ಷೌರ ಮಾಡಿಕೊಳ್ಳದೆ ಬಂದವರನ್ನು ವಾಪಸು ಕಳಿಸಿದರು. ಮೂರು ದಿನದ ಕೆಲಸವೆಂದುಕೊಂಡದ್ದು ಒಂದೂವರೆ ಗಂಟೆಯಲ್ಲಿ ಮುಗಿಯಿತು.

ಮುಗಿಯದೆ ಉಳಿದದ್ದು ಒಟಿಪಿ. ಒಬ್ಬರ ಪಿಂಚಣಿ ಖಾತೆಗೆ ಜೋಡಿಸಿದ್ದು ಮಗನ ಹಳೆಯ ಬೆಂಗಳೂರು ನಂಬರು. ಮಗ ಪರದೇಶಕ್ಕೆ ಹೋಗಿ ಆ ನಂಬರು ಇನ್ನಾರ ಪಾಲಾಗಿತ್ತು. ಆ ಅಪರಿಚಿತ ಪುಣ್ಯಾತ್ಮ ಫೋನ್ ಎತ್ತಿ, ಪೂರ್ತಿ ಕಥೆ ಕೇಳಿ, "ಯಾರಿಗೂ ಒಟಿಪಿ ಹೇಳಬೇಡಿ ಅಂತ ಟಿವಿಯಲ್ಲಿ ಬರುತ್ತದಲ್ಲ ಮೇಡಂ" ಎಂದು ಇಟ್ಟುಬಿಟ್ಟ. ತಪ್ಪು ಅವನದ್ದಲ್ಲ. ನಂಬರು ಬದಲಿಸಲು ಎರಡು ತಿಂಗಳು ಹಿಡಿಯಿತು.

ಹನ್ನೊಂದರಲ್ಲಿ ಒಬ್ಬರ ಪುಟ ಮಾತ್ರ ಖಾಲಿಯಾಗಿಯೇ ಇತ್ತು. ಅರಸೀಕೆರೆ ಕಡೆಯವರು. ಪಿಂಚಣಿ ಇಲ್ಲ, ಸೈನ್ಯದಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಬುಕ್ ಇಲ್ಲ. ಚೀನಾ ಯುದ್ಧದ ನಂತರದ ಭರ್ತಿಯಲ್ಲಿ ಸೇರಿದ್ದೆ, ಕೆಲವು ವರ್ಷಕ್ಕೆ ಅವಧಿ ಮುಗಿಯಿತೆಂದು ಗ್ರಾಚ್ಯುಟಿ ಕೊಟ್ಟು ಕಳಿಸಿದರು ಎನ್ನುತ್ತಿದ್ದರು. ಹದಿನೈದು ವರ್ಷ ತುಂಬದ ಸಿಪಾಯಿಗೆ ಸೇವಾ ಪಿಂಚಣಿ ಇಲ್ಲ. ಪುಸ್ತಕವನ್ನು ಹಳೆ ಮನೆಯ ಅಟ್ಟದಲ್ಲಿ ಗೆದ್ದಲು ತಿಂದಿತ್ತು. ಸೈನ್ಯದ ನಂಬರು ನೆನಪಿದೆಯೇ ಎಂದರೆ ಪ್ರತಿ ಸಲವೂ ಬೇರೆ ಬೇರೆ ಹೇಳುತ್ತಿದ್ದರು. ಇವರು ನಿಜವಾಗಿ ಸೈನ್ಯದಲ್ಲಿದ್ದರೇ ಎಂದು ಆಶ್ರಮದವರಿಗೇ ಅನುಮಾನ. ನನಗೂ ಒಂದೆರಡು ಗುರುವಾರ ಆ ಅನುಮಾನ ಬಂದಿತ್ತು. ಈಗ ಬರೆಯಲು ನಾಚಿಕೆಯಾಗುತ್ತದೆ.

ಒಂದು ದಿನ ಅವರ ತಗಡಿನ ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕುವಾಗ ಸ್ವೆಟರಿನ ಮಡಿಕೆಯಿಂದ ಒಂದು ಪದಕ ಬಿತ್ತು. 1965ರ ರಕ್ಷಾ ಪದಕ. ರಿಬ್ಬನ್ನು ಹರಿದು ಎಳೆಯಾಗಿತ್ತು. ಸುಬೇದಾರ್ ಸಾಹೇಬರು ಅದನ್ನು ಕೈಗೆ ತೆಗೆದುಕೊಂಡರು. ಮುಖ ನೋಡಲಿಲ್ಲ, ಬೆನ್ನು ನೋಡಲಿಲ್ಲ; ನಾಣ್ಯದ ಅಂಚು ನೋಡುವ ಹಾಗೆ ಓರೆಯಾಗಿ ಹಿಡಿದು, ಪಂಚೆಯ ತುದಿಯಿಂದ ಉಜ್ಜಿ, "ಮೇಡಂ, ಕನ್ನಡಕ ಕೊಡಿ" ಎಂದರು. ಆ ಎರಡು ಮೂರು ಮಿಲಿಮೀಟರಿನ ಅಂಚಿನ ಸುತ್ತ ಸಣ್ಣ ಅಕ್ಷರದಲ್ಲಿ ಕೊರೆದಿತ್ತು: ನಂಬರು, ಹುದ್ದೆ, ಹೆಸರು, ದಳ. ಸೈನ್ಯದ ಪದಕಗಳಿಗೆ ಅಂಚಿನಲ್ಲಿ ಹೀಗೆ ಕೊರೆಯುತ್ತಾರೆಂಬುದು ಅಷ್ಟು ವರ್ಷ ಸೈನಿಕರ ಕಾಗದ ನೋಡಿದ ನನಗೆ ಗೊತ್ತೇ ಇರಲಿಲ್ಲ. ಪೆನ್ಸಿಲಿನ ಪುಡಿ ಸವರಿ, ಮೊಬೈಲಿನಲ್ಲಿ ಸುತ್ತಲೂ ಆರು ಫೋಟೋ ತೆಗೆದೆ. ನಂಬರಿನ ಒಂದು ಅಂಕಿ 3 ಎಂದೂ ಓದಬಹುದಿತ್ತು, 8 ಎಂದೂ ಓದಬಹುದಿತ್ತು. ಎರಡನ್ನೂ ಬರೆದುಕೊಂಡೆ.

ಆಮೇಲಿನದ್ದು ಕಾಗದದ ಕೆಲಸ. ಅಂಚಿನಲ್ಲಿದ್ದದ್ದು ಫಿರಂಗಿ ದಳದ ಹೆಸರು; ಅದರ ದಾಖಲೆ ಕಚೇರಿ ಇರುವುದು ನಾಸಿಕ್ ರೋಡಿನಲ್ಲಿ. ಪದಕದ ಫೋಟೋ, ಅವರ ಸಹಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಕವರಿಂಗ್ ಲೆಟರ್ ಸೇರಿಸಿ ನೋಂದಾಯಿತ ಅಂಚೆಯಲ್ಲಿ ಕಳಿಸಿದೆ. ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ಬಂತು. ಸೇವೆಯ ವಿವರ, ಬಿಡುಗಡೆಯ ದಿನಾಂಕ, ಎಲ್ಲ ಇತ್ತು. ಆ ಅಂಕಿ 8. ಅದನ್ನು ಹಿಡಿದು ಮಾಜಿ ಸೈನಿಕರ ಗುರುತಿನ ಚೀಟಿ, ಚೀಟಿ ಹಿಡಿದು ಕೇಂದ್ರೀಯ ಸೈನಿಕ ಮಂಡಳಿಗೆ ಸಹಾಯಧನದ ಅರ್ಜಿ. ಪಿಂಚಣಿ ಇಲ್ಲದ, 65 ದಾಟಿದ, ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ಹುದ್ದೆಯವರಿಗೆ ಈ ನೆರವು ಇದೆ. ಆಗ ತಿಂಗಳಿಗೆ 4,000 ರೂಪಾಯಿ, 2025ರಲ್ಲಿ 8,000ಕ್ಕೆ ಏರಿಸಿದರು. ಇದು ಗೊತ್ತಿಲ್ಲದೆ ಮಕ್ಕಳ ಮುಂದೆ ಕೈ ಒಡ್ಡಿಕೊಂಡಿರುವ ಅಜ್ಜಂದಿರು ನಿಮ್ಮ ಊರಿನಲ್ಲೂ ಇರಬಹುದು. ಅವರ ಟ್ರಂಕು ನೋಡಿ.

ಚಿಕಿತ್ಸೆಯ ಮಾತಿಗೆ ಬಂದರೆ, ಪಿಂಚಣಿದಾರರಿಗೆ 2003ರಿಂದ ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ, ಮೈಸೂರಿನಲ್ಲೇ ಅದರ ಪಾಲಿಕ್ಲಿನಿಕ್ ಇದೆ. ತೊಂದರೆ ಇರುವುದು ಅಲ್ಲಿಗೆ ಹೋಗಿಬರುವುದರಲ್ಲಿ. ಕಾರಿರುವ ನಾಲ್ವರು ನಿವೃತ್ತರು ತಿಂಗಳಿಗೆ ಒಂದೊಂದು ಸೋಮವಾರ ಹಂಚಿಕೊಂಡಿದ್ದಾರೆ, ಅಷ್ಟೇ.

ಮಿಲಿಟರಿ ಕ್ಯಾಂಟೀನಿನ ರಮ್ಮಿನ ವಿಷಯದಲ್ಲಿ ಆಶ್ರಮದ ಮೇಲ್ವಿಚಾರಕಿಗೂ ಈ ಮಾಜಿ ಸೈನಿಕರಿಗೂ ನಡೆದ ಜಗಳದಲ್ಲಿ ನಾನು ಯಾರ ಪಕ್ಷವೆಂದು ಇಲ್ಲಿ ಬರೆಯುವುದಿಲ್ಲ. ಇಬ್ಬರೂ ಇದನ್ನು ಓದುತ್ತಾರೆ.

ನನ್ನ ಒಂದು ಎಡವಟ್ಟನ್ನು ಹೇಳಲೇಬೇಕು. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಕ್ಕೆ ಹತ್ತಿರದ ಶಾಲೆಯ ಮಕ್ಕಳನ್ನು ಕರೆಸಿದ್ದೆ. ಆರನೆಯ ತರಗತಿಯ ಹುಡುಗ ಎದ್ದು, "ತಾತ, ನೀವು ಎಷ್ಟು ಜನರನ್ನು ಕೊಂದಿರಿ?" ಎಂದು ಕೇಳಿದ. 1971ರಲ್ಲಿ ಪೂರ್ವದ ಗಡಿಯಲ್ಲಿದ್ದ, ನಾಯಕ್ ಹುದ್ದೆಯವರೊಬ್ಬರು ಎದ್ದು ಒಳಗೆ ಹೋದರು. ಆ ದಿನ ಊಟಕ್ಕೂ ಬರಲಿಲ್ಲ. ಮರುವರ್ಷ ನಾನು ಮೊದಲೇ ಶಾಲೆಗೆ ಹೋಗಿ ಮಕ್ಕಳೊಂದಿಗೆ ಕೂತೆ. ಮನೆಯಿಂದ ದೂರ ಇರುವವರನ್ನು ಏನು ಕೇಳುತ್ತೀರಿ ಎಂದೆ. ಊಟ, ಚಳಿ, ಅಮ್ಮನ ನೆನಪು ಎಂದರು. ಒಬ್ಬ ಹುಡುಗಿ ಅದೇ ನಾಯಕ್ ಅವರ ಹತ್ತಿರ ಹೋಗಿ ಕಾಗದ ಹೇಗೆ ಬರುತ್ತಿತ್ತು ಎಂದಳು. ಅವರು ಅವಳ ನೋಟ್‌ಬುಕ್ ತೆಗೆದುಕೊಂಡು ತಮ್ಮ ಆ ಕಾಲದ ವಿಳಾಸ ಬರೆದು ತೋರಿಸಿದರು: ನಂಬರು, ಹೆಸರು, ದಳ, ಕೇರ್ ಆಫ್ 99 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ. "ಊರಿನ ಹೆಸರೇ ಇಲ್ಲವಲ್ಲ ತಾತ?" "ಇರಬಾರದು ಮಗೂ. ಅವ್ವನಿಗೂ ಗೊತ್ತಾಗಬಾರದು." ಮಕ್ಕಳು ಹೋದ ಮೇಲೂ ಅವರು ಅವತ್ತು ವರಾಂಡದಲ್ಲೇ ಕೂತಿದ್ದರು. ಊಟಕ್ಕೆ ಬಂದರು.

ಅರಸೀಕೆರೆಯವರು ಮೊದಲ ಕಂತು ಬಂದ ಗುರುವಾರ ನನ್ನ ಕೈಗೆ ನೂರು ರೂಪಾಯಿಯ ಐದು ನೋಟು ಕೊಟ್ಟು, ಪದಕಕ್ಕೆ ಹೊಸ ರಿಬ್ಬನ್ನು ತರಲು ಹೇಳಿದರು. ಐನೂರು ಯಾಕಜ್ಜ, ಅಷ್ಟಾಗುವುದಿಲ್ಲ ಎಂದೆ. ಉಳಿದದ್ದಕ್ಕೆ ನಾಸಿಕ್‌ನಲ್ಲಿ ಕಾಗದ ಹುಡುಕಿದ ಕ್ಲರ್ಕಿಗೆ ಏನಾದರೂ ಸಿಹಿ ಕಳಿಸು ಎಂದರು. ಧಾರವಾಡ ಪೇಡ ಕಳಿಸಿದೆ. ಅದಕ್ಕೆ ಮಾತ್ರ ಉತ್ತರ ಬರಲಿಲ್ಲ.