ನಿದ್ದೆ ರೋಗ ಯಾವ ಹಂತಕ್ಕೆ ಬಂದಿದೆ? ಕಾಂಗೋದಲ್ಲಿರುವ ನಮ್ಮವರಿಗೆ

ಸಂಡೂರು, ಹಟ್ಟಿ, ಕೊಪ್ಪಳದ ಕಡೆಯಿಂದ ಕಾಂಗೋಕ್ಕೆ ಕೆಲಸಕ್ಕೆ ಬಂದ ತಮ್ಮಂದಿರೇ, ಜ್ವರ ಬಂದರೆ ನಾವು ಮೊದಲು ಮಲೇರಿಯಾ ಅಂತೀವಿ. ಬಹಳ ಸಲ ಅದೇ ಇರುತ್ತದೆ. ಆದರೆ ಗುಳಿಗೆ ನುಂಗಿದ ಮೇಲೂ ಜ್ವರ ಬಿಟ್ಟು ಬಿಟ್ಟು ಬಂದರೆ, ಕತ್ತಿನ ಹಿಂದೆ ಗಂಟು ಕೈಗೆ ಸಿಕ್ಕರೆ, ನಿದ್ದೆ ರೋಗದ ಪರೀಕ್ಷೆ ಕೇಳಿ. ಇಲ್ಲಿಯ ಫ್ರೆಂಚ್‌ನಲ್ಲಿ ‘ಮಲಾದಿ ದ್ಯು ಸೊಮೇಯ್’ ಅನ್ನುತ್ತಾರೆ.

ಇದು ತ್ಸೆತ್ಸೆ ನೊಣ ಕಚ್ಚಿ ಬರುವ ರೋಗ. ಸರ್ಕಾರದ ತಂಡಗಳು ರೋಗ ಇರುವ ಹಳ್ಳಿಗಳಿಗೇ ಹೋಗಿ ರಕ್ತ ನೋಡುತ್ತವೆ. ಬೆರಳಿಗೆ ಚುಚ್ಚಿ ಮಾಡುವ ಆ ಪರೀಕ್ಷೆ ಬರೀ ಅನುಮಾನ ಹೇಳುತ್ತದೆ. ರಕ್ತದಲ್ಲೋ ಕತ್ತಿನ ಗಂಟಿನ ನೀರಿನಲ್ಲೋ ಪರಾವಲಂಬಿ (ಈ ರೋಗ ತರುವ ಸಣ್ಣ ಜೀವಿ) ಸೂಕ್ಷ್ಮದರ್ಶಕದಲ್ಲಿ ಕಂಡರೆ ಮಾತ್ರ ರೋಗ ಖಾತ್ರಿ. ಔಷಧಿಗೆ ದುಡ್ಡು ಕೊಡಬೇಕಿಲ್ಲ.

ಮೊದಲ ಹಂತದಲ್ಲಿ ಪರಾವಲಂಬಿ ರಕ್ತದಲ್ಲಿರುತ್ತದೆ. ಎರಡನೇ ಹಂತದಲ್ಲಿ ಮಿದುಳಿಗೆ ಇಳಿದಿರುತ್ತದೆ. ಇಳಿದಿದೆಯೋ ಇಲ್ಲವೋ ರಕ್ತ ಹೇಳುವುದಿಲ್ಲ. ಅದಕ್ಕೇ ಬೆನ್ನಿಗೆ ಸೂಜಿ ಹಾಕಿ, ಮಿದುಳಿನ ಸುತ್ತ ಇರುವ ನೀರನ್ನೇ ಅಲ್ಲಿಂದ ತೆಗೆಯುವುದು. ಆ ನೀರಿನ ಒಂದು ಮೈಕ್ರೋಲೀಟರಿನಲ್ಲಿ 5ಕ್ಕಿಂತ ಜಾಸ್ತಿ ಬಿಳಿ ರಕ್ತಕಣ ಇದ್ದರೆ, ಅಥವಾ ಪರಾವಲಂಬಿಯೇ ಕಂಡರೆ, ಎರಡನೇ ಹಂತ.

‘ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದು ಹೋಗುತ್ತದೆ’ ಅನ್ನುವ ಭಯ ನಮ್ಮಲ್ಲಿ ಬಹಳ. ಹೆದರಬೇಡಿ, ಬೆನ್ನುಮೂಳೆಯೊಳಗಿನ ಮಿದುಳಿನ ಬಳ್ಳಿ ಮುಗಿದ ಕೆಳಗೆ ಸೂಜಿ ಹಾಕುತ್ತಾರೆ. ಊರಲ್ಲಿ ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಡುವುದೂ ಅಲ್ಲೇ ಅಲ್ವಾ? ಕೆಲವರಿಗೆ ಆಮೇಲೆ ತಲೆ ನೋಯಬಹುದು.

ಈಗ ಎಲ್ಲರಿಗೂ ಈ ಸೂಜಿ ಬೇಕಿಲ್ಲ. ಫೆಕ್ಸಿನಿಡಜೋಲ್ ಗುಳಿಗೆಗೆ 2018ರಲ್ಲಿ ಒಪ್ಪಿಗೆ ಸಿಕ್ಕಿತು. 10 ದಿನ ನುಂಗಬೇಕು, ಎರಡೂ ಹಂತಕ್ಕೆ ಕೆಲಸ ಮಾಡುತ್ತದೆ. ವಯಸ್ಸು 6 ದಾಟಿ, ತೂಕ 20 ಕಿಲೋ ಮೇಲಿದ್ದು, ಮಿದುಳಿಗೆ ಜೋರಾಗಿ ತಗುಲಿದ ಲಕ್ಷಣ ಇಲ್ಲದಿದ್ದರೆ ಸೀದಾ ಇದನ್ನೇ ಶುರು ಮಾಡುತ್ತಾರೆ. ಲಕ್ಷಣ ಇದ್ದರೆ ಸೂಜಿ ಹಾಕಲೇಬೇಕು. ಬಿಳಿ ಕಣ 100 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಆಸ್ಪತ್ರೆಯಲ್ಲಿಟ್ಟು ಡ್ರಿಪ್ ಮತ್ತು ಬೇರೆ ಗುಳಿಗೆ ಕೊಡುತ್ತಾರೆ.

ಅಂದರೆ ಈಗ ಡಾಕ್ಟರ್ ಮೊದಲು ನೋಡುವುದು ನಿಮ್ಮ ಮಾತು, ನಡಿಗೆ, ನಿದ್ದೆ. ಇದೇ ನನಗೆ ಚಿಂತೆ. ಹಗಲು ತೂಕಡಿಸಿ ರಾತ್ರಿ ಎದ್ದು ಕೂರುವವನು, ಸುಮ್ನೆ ಸಿಟ್ಟಾಗುವವನು, ತನಗೇನೂ ಆಗಿಲ್ಲ ಅಂತಲೇ ಹೇಳುತ್ತಾನೆ. ಗೊತ್ತಿರುವುದು ಒಂದೇ ರೂಮಿನಲ್ಲಿರುವ ಗೆಳೆಯನಿಗೆ. ಸಿಂಧನೂರಿನಿಂದ ಫೋನ್ ಮಾಡುವ ಅವ್ವನಿಗೂ ಗೊತ್ತಾಗಬಹುದು: ‘ಯಾಕೋ ಇವನ ಮಾತೇ ಬೇರೆ ಆಗೈತಿ’. ದಯವಿಟ್ಟು ಒಬ್ಬರೇ ಹೋಗಬೇಡಿ. ಗೆಳೆಯನನ್ನು ಕರೆದುಕೊಂಡು ಹೋಗಿ, ಕಂಡದ್ದೆಲ್ಲ ಅವನು ಹೇಳಲಿ.

ಫೆಕ್ಸಿನಿಡಜೋಲ್ ಗುಳಿಗೆ ಹೊಟ್ಟೆ ತುಂಬ ಉಂಡ ಮೇಲೇ. ಜ್ವರ ಅಂತ ಬರೀ ಗಂಜಿ ಕುಡಿದು ನುಂಗಿದರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ.

ತಾಂಜಾನಿಯಾ, ಜಾಂಬಿಯಾದಲ್ಲಿರುವವರಿಗೆ ಬರುವ ನಿದ್ದೆ ರೋಗ ಬೇರೆ ಬಗೆಯದು. ವಾರಗಳಲ್ಲೇ ಏರುತ್ತದೆ, ಅಲ್ಲಿ ಒಂದು ದಿನವೂ ಕಾಯಬೇಡಿ. ಕಾಂಗೋದ್ದು ನಿಧಾನ, ವರ್ಷಗಳ ನಂತರವೂ ತಲೆ ಎತ್ತಬಹುದು. ಊರಿಗೆ ಮರಳಿದ ಮೇಲೆ ಹೀಗಾದರೆ ಬಳ್ಳಾರಿ, ರಾಯಚೂರಿನ ಡಾಕ್ಟರಿಗೆ ‘ನಾನು ಕಾಂಗೋದಲ್ಲಿದ್ದೆ’ ಅಂತ ಮೊದಲೇ ಹೇಳಿ. ಈ ಔಷಧಿಯನ್ನು ವಿಶ್ವ ಆರೋಗ್ಯ ಸಂಸ್ಥೆಯಿಂದ ತರಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.