ಡಿಗ್ರಿ ಇಲ್ಲದೆ ಜಪಾನಿನಲ್ಲಿ ಕೆಲಸ, ಜೊತೆಗೆ ಐಕಿಡೊ: ದಾರಿ ಸಿಕ್ಕಿದ್ದು ಹೀಗೆ

ಜಪಾನಿನಲ್ಲೇ ಅಲ್ಲಿನ ಸಮರಕಲೆ ಐಕಿಡೊ ಕಲಿಯಬೇಕು, ಖರ್ಚಿಗೆ ಅಲ್ಲೇ ದುಡಿಯಬೇಕು, ಆದರೆ ಕೈಯಲ್ಲಿ ಡಿಗ್ರಿ ಇಲ್ಲ. ಈ ಗಂಟು ಬಿಚ್ಚಿದ್ದು ‘ತೊಕುತೇ ಗಿನೋ’, ಅಂದರೆ ನಿರ್ದಿಷ್ಟ ಕೌಶಲದ ಕೆಲಸಗಾರರಿಗೆ ಜಪಾನ್ ಕೊಡುವ ವೀಸಾ.

ಎಲ್ಲರಿಗೂ ಮೊದಲು ಹೊಳೆಯುವುದು ಸಾಂಸ್ಕೃತಿಕ ಚಟುವಟಿಕೆ ವೀಸಾ. ಗುರುವಿನ ಬಳಿ ಕಲಿಯುವುದಕ್ಕೆ ಅದು ಸರಿ, ಆದರೆ ಪ್ರತ್ಯೇಕ ಅನುಮತಿಯಿಲ್ಲದೆ ಸಂಬಳಕ್ಕೆ ದುಡಿಯುವಂತಿಲ್ಲ. ವರ್ಕಿಂಗ್ ಹಾಲಿಡೇ ವೀಸಾ ಭಾರತೀಯರಿಗಿಲ್ಲ. ಎಂಜಿನಿಯರ್ ವರ್ಗದ ವೀಸಾಕ್ಕೆ ಡಿಗ್ರಿ ಬೇಕು, ಇಲ್ಲವೇ ಸಾಮಾನ್ಯವಾಗಿ 10 ವರ್ಷದ ಅನುಭವ.

ತೊಕುತೇ ಗಿನೋ ಮೊದಲ ಹಂತಕ್ಕೆ 18 ತುಂಬಿದ್ದರೆ ಸಾಕು, ಓದಿನ ಷರತ್ತಿಲ್ಲ. ಆಯ್ದ ಕ್ಷೇತ್ರದ ಕೌಶಲ ಪರೀಕ್ಷೆ, ಜೊತೆಗೆ ಜಪಾನಿ ಭಾಷೆಯ ಪರೀಕ್ಷೆಗಳಾದ ಜೆಎಲ್‌ಪಿಟಿ ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಪಾಸಾಗಬೇಕು. ವೃದ್ಧರ ಆರೈಕೆ ಆರಿಸಿಕೊಂಡರೆ ಆ ಕೆಲಸದ ಜಪಾನಿ ಭಾಷೆಗೇ ಇನ್ನೊಂದು ಪರೀಕ್ಷೆಯಿದೆ. ಆಮೇಲೆ ಕಂಪನಿಯೊಂದಿಗೆ ಕರಾರು, ಜಪಾನಿನ ವಲಸೆ ಇಲಾಖೆಯಿಂದ ಅರ್ಹತಾ ಪ್ರಮಾಣಪತ್ರ, ಕೊನೆಗೆ ವೀಸಾ. ಈ ಹಂತದಲ್ಲಿ ಸಾಮಾನ್ಯವಾಗಿ ಒಟ್ಟು 5 ವರ್ಷ ಇರಬಹುದು, ಕುಟುಂಬವನ್ನು ಕರೆದೊಯ್ಯುವಂತಿಲ್ಲ.

ನಿಜಕ್ಕೂ ಕೆಡುವುದು ಇಲ್ಲಿಂದ ಮುಂದೆ. ಕೆಲಸ ಸಿಕ್ಕ ಊರಿನಲ್ಲಿ ಡೊಜೊ, ಅಂದರೆ ಐಕಿಡೊ ಕಲಿಸುವ ತಾಲೀಮು ಶಾಲೆ, ಇಲ್ಲದಿರಬಹುದು, ಇದ್ದರೂ ಶಿಫ್ಟ್ ಅಡ್ಡ ಬರಬಹುದು. ಟೋಕಿಯೊದ ಶಿಂಜುಕುವಿನಲ್ಲಿರುವ, ಐಕಿಡೊ ಸಂಸ್ಥೆ ಐಕಿಕಾಯ್‌ನ ಮುಖ್ಯ ಡೊಜೊದಲ್ಲಿ ಬೆಳಗಿನ ಮೊದಲ ತರಗತಿ 6:30ಕ್ಕೆ. ಹೋಟೆಲ್ ಅಡುಗೆಮನೆಯ ಮಧ್ಯಾಹ್ನದ ಶಿಫ್ಟ್‌ಗೆ ಅದು ಚೆನ್ನಾಗಿ ಹೊಂದುತ್ತದೆ. ಆರೈಕೆ ಕೇಂದ್ರದ ಮುಂಜಾನೆಯ ಪಾಳಿಗೆ ಹೊಂದುವುದಿಲ್ಲ. ಆದ್ದರಿಂದ ಸಹಿ ಹಾಕುವ ಮೊದಲೇ ಒಂದು ತಿಂಗಳ ಶಿಫ್ಟ್ ಪಟ್ಟಿ ಕೇಳಿ, ವಸತಿಯಿಂದ ಡೊಜೊಗೆ ರೈಲಿನ ಸಮಯವನ್ನೂ ಕೂಡಿಸಿ ನೋಡಿ. ಈ ವೀಸಾದಲ್ಲಿ ಬೇರೆಡೆ ಪಾರ್ಟ್‌ಟೈಮ್ ಮಾಡಲು ಬಿಡುವುದಿಲ್ಲ, ಹಾಗಾಗಿ ಡೊಜೊದ ತಿಂಗಳ ಶುಲ್ಕವೂ ಒಂದೇ ಸಂಬಳದಲ್ಲಿ ಹೊಂದಬೇಕು.